ಒಗರು ಎಂಬ ಮೊದಲ ಮಾತು

ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿರುವ ವೈನ್ ಅಂಗಡಿಗೆ ನಾನು ಎರಡು ವರ್ಷ ಬಾಯಿ ಬಿಡದೆ ಹೋಗಿ ಬಂದಿದ್ದೇನೆ. ಒಳಗೆ ಹೋಗುವುದು, ಗೋಡೆಯುದ್ದಕ್ಕೂ ಮಲಗಿರುವ ಬಾಟಲಿಗಳ ಮುಂದೆ ಒಂದಷ್ಟು ಹೊತ್ತು ನಿಲ್ಲುವುದು, ಹೋದ ಸಲ ಒಯ್ದದ್ದರ ಲೇಬಲ್ ಹೇಗಿತ್ತೆಂದು ನೆನಪಿಸಿಕೊಳ್ಳಲು ನೋಡುವುದು, ನೆನಪಾಗದೆ ಕಣ್ಣಿಗೆ ಚಂದ ಕಂಡ ಒಂದನ್ನು ಎತ್ತಿಕೊಂಡು ದುಡ್ಡು ಕೊಟ್ಟು ಹೊರಬೀಳುವುದು. ಮನೆಯಲ್ಲಿ ಕುಡಿದಾಗ ಕೆಲವು ಹಿಡಿಸುತ್ತಿದ್ದವು, ಕೆಲವು ಹಿಡಿಸುತ್ತಿರಲಿಲ್ಲ. ಯಾಕೆಂದು ಹೇಳಲು ಬರುತ್ತಿರಲಿಲ್ಲ. ಅದಕ್ಕೇ ಇರಬೇಕು, ಎರಡು ವರ್ಷದಲ್ಲಿ ನಾನು ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ. ಪ್ರತಿ ಬಾಟಲಿಯೂ ಮೊದಲನೆಯ ಬಾಟಲಿಯಾಗಿಯೇ ಉಳಿಯಿತು.

ಆ ಅಂಗಡಿಯಲ್ಲಿ ಶುಕ್ರವಾರ ಸಂಜೆ ನಾಲ್ಕೈದು ಬಾಟಲಿ ತೆರೆದು ಬಂದವರಿಗೆ ರುಚಿ ನೋಡಲು ಕೊಡುತ್ತಾರೆ. ಒಂದು ಉದ್ದನೆಯ ಮೇಜು, ಸಾಲಾಗಿ ಗ್ಲಾಸುಗಳು, ಕೊನೆಯಲ್ಲಿ ಉಗುಳಲು ಒಂದು ಪಾತ್ರೆ. ಒಂದು ಶುಕ್ರವಾರ ಧೈರ್ಯ ಮಾಡಿ ಆ ಮೇಜಿನ ಹತ್ತಿರ ನಿಂತೆ. ಸುತ್ತ ನಿಂತವರು ಗ್ಲಾಸು ತಿರುಗಿಸುತ್ತ, ಮೂಗು ಒಳಗಿಟ್ಟು ಚೆರ್ರಿ, ವೆನಿಲ್ಲಾ, ತಂಬಾಕು ಎಂದೆಲ್ಲ ಹೇಳುತ್ತಿದ್ದರು. ನನಗೆ ಅದು ಯಾವುದೂ ಸಿಗಲಿಲ್ಲ. ಅಂಗಡಿಯನ್ನು ನಡೆಸುವ ಹಿರಿಯ ಹೆಂಗಸು ನನ್ನತ್ತ ತಿರುಗಿ, "ಹೇಗಿದೆ?" ಎಂದರು.

"ಚೆನ್ನಾಗಿದೆ, ಮೇಡಂ."

"ಚೆನ್ನಾಗಿದೆ ಅಂದ್ರೆ ನನಗೆ ಏನೂ ಗೊತ್ತಾಗಲ್ಲ. ಬಾಯಲ್ಲಿ ಏನಾಯ್ತು ಅಂತ ಹೇಳಿ."

ನಾನು ನಾಲಿಗೆಯನ್ನು ಅಂಗುಳಿಗೆ ಒತ್ತಿ ನೋಡಿದೆ. "ಒಗರು. ನಾಲಿಗೆ ದಪ್ಪ ಆದ ಹಾಗೆ. ಒಸಡೆಲ್ಲ ಒಣಗಿ ಹಿಡಿದುಕೊಂಡ ಹಾಗೆ."

"ಬಾಳೆಕಾಯಿ ಕಚ್ಚಿದ ಹಾಗಾ?"

"ಹೂಂ, ಆದ್ರೆ ಅಷ್ಟು ಒರಟಲ್ಲ. ನೇರಳೆ ಹಣ್ಣು ತಿಂದ ಮೇಲೆ ಆಗುತ್ತಲ್ಲ, ಹಾಗೆ."

ಅವರ ಮುಖ ಅರಳಿತು. "ನೋಡಿ, ಇದು ಮಾತು. ಈ ಒಗರು ನಿಮಗೆ ಇಷ್ಟವಾ, ಇಲ್ವಾ? ಅದೊಂದು ಹೇಳಿದ್ರೆ ಈ ಗೋಡೆಯಲ್ಲಿ ಅರ್ಧ ಭಾಗ ನೀವು ನೋಡೋದೇ ಬೇಡ."

ಆ ಮಾತು ನನ್ನ ಜೊತೆಗೇ ಮನೆಗೆ ಬಂತು. ಎರಡು ವರ್ಷ ನಾನು ವೈನಿನ ಭಾಷೆ ಕಲಿಯಬೇಕು ಎಂದು ಅಂದುಕೊಂಡಿದ್ದೆ. ಬೇಕಾಗಿದ್ದ ಮೊದಲ ಪದ ಮಗುವಾಗಿದ್ದಾಗಿನಿಂದ ನನ್ನ ಬಾಯಲ್ಲೇ ಇತ್ತು.

ಒಗರಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಕೆಂಪು ವೈನನ್ನು ಅರ್ಥ ಮಾಡಿಕೊಳ್ಳಲು ಇಷ್ಟು ನೇರವಾದ ಬಾಗಿಲು ಇನ್ನೊಂದಿಲ್ಲ. ದ್ರಾಕ್ಷಿಯ ಸಿಪ್ಪೆ, ಬೀಜ, ತೊಟ್ಟುಗಳಲ್ಲಿ ಟ್ಯಾನಿನ್ ಎಂಬ ವಸ್ತು ಇರುತ್ತದೆ. ಬಿಳಿ ವೈನ್ ಮಾಡುವಾಗ ಹಣ್ಣನ್ನು ಹಿಂಡಿ ರಸವನ್ನು ಮಾತ್ರ ಹುದುಗಿಸುತ್ತಾರೆ, ಕೆಂಪು ವೈನಿನಲ್ಲಿ ಸಿಪ್ಪೆ ಬೀಜಗಳ ಸಮೇತ ಹುದುಗಿಸುತ್ತಾರೆ. ಬಣ್ಣವೂ ಒಗರೂ ಇಳಿಯುವುದು ಅಲ್ಲಿಂದ. ಓಕ್ ಮರದ ಪೀಪಾಯಿಯಲ್ಲಿ ಇಟ್ಟರೆ ಮರದಿಂದಲೂ ಒಂದಷ್ಟು ಬಂದು ಸೇರುತ್ತದೆ. ಬಾಯಿಗೆ ಬಂದಾಗ ಈ ಟ್ಯಾನಿನ್ ಎಂಜಲಿನಲ್ಲಿರುವ ಪ್ರೋಟೀನುಗಳನ್ನು ಹಿಡಿದುಕೊಳ್ಳುತ್ತದೆ. ನಾಲಿಗೆಯನ್ನು ನುಣುಪಾಗಿ ಇಟ್ಟಿದ್ದ ಆ ಪದರ ಕಳಚಿದಾಗ ಬಾಯಿ ಒರಟೊರಟಾಗುತ್ತದೆ. ಹಾಗಾಗಿ ಪಾಶ್ಚಾತ್ಯ ವಿಜ್ಞಾನದಲ್ಲಿ ಇದನ್ನು ರುಚಿ ಎಂದು ಎಣಿಸುವುದಿಲ್ಲ, ಸ್ಪರ್ಶದ ಲೆಕ್ಕಕ್ಕೆ ಹಾಕುತ್ತಾರೆ. ನಮ್ಮಲ್ಲಿ ಷಡ್ರಸಗಳ ಸಾಲಿನಲ್ಲಿ ಸಿಹಿ, ಹುಳಿ, ಉಪ್ಪು, ಖಾರ, ಕಹಿಯ ಜೊತೆಗೆ ಒಗರೂ ಸರಿಸಮನಾಗಿ ಕೂತಿದೆ. ಯಾರು ಸರಿ ಎಂಬ ಪ್ರಶ್ನೆ ನನಗಿಲ್ಲ. ಆದರೆ ಎಣಿಕೆಯಲ್ಲಿ ಇದ್ದದ್ದಕ್ಕೆ ಕಿವಿ ಬೇಗ ತೆರೆಯುತ್ತದೆ. ಕೆಂಪು ವೈನ್ ಮೊದಲ ಸಲ ಕುಡಿದ ಎಷ್ಟೋ ಜನ "ಕಹಿ" ಎಂದು ಗ್ಲಾಸು ಕೆಳಗಿಡುತ್ತಾರೆ. ಅವರಲ್ಲಿ ಹೆಚ್ಚಿನವರು ಹೇಳಬೇಕೆಂದಿದ್ದದ್ದು ಒಗರು. ಕಹಿ ನಾಲಿಗೆಯ ಮೇಲೆ ರುಚಿಯಾಗಿ ನಿಲ್ಲುತ್ತದೆ. ಒಗರು ಒಸಡನ್ನೂ ಕೆನ್ನೆಯ ಒಳಭಾಗವನ್ನೂ ಹಿಡಿಯುತ್ತದೆ. ಈ ಎರಡನ್ನು ಬೇರೆ ಮಾಡಿಕೊಂಡ ದಿನವೇ ನನ್ನ ಬಾಯಿಗೆ ಕಣ್ಣು ಬಂತು.

ಆಮೇಲೆ ಗೊತ್ತಾಯಿತು: ಕ್ಯಾಬರ್ನೆ ಸೋವಿನ್ಯೋನ್, ನೆಬ್ಬಿಯೋಲೊ ಒಗರು ಜಾಸ್ತಿ ಇರುವ ತಳಿಗಳು. ಪಿನೊ ನ್ವಾರ್, ಗಮೇ ಕಡಿಮೆಯವು. ಬಾಟಲಿಯಲ್ಲಿ ವರ್ಷಗಟ್ಟಲೆ ಇಟ್ಟಾಗ ಒಗರು ಪಳಗುತ್ತದೆ. ತುಂಬಾ ತಣ್ಣಗೆ ಮಾಡಿ ಕೊಟ್ಟರೆ ಅದೇ ವೈನಿನ ಒಗರು ಮತ್ತೆ ಮೊನಚಾಗುತ್ತದೆ.

ಇನ್ನು ಆ ಮೇಜಿನ ಹತ್ತಿರ ನಿಲ್ಲುವ ಕ್ರಮ. ಒಂದು ಬಾಟಲಿಯಲ್ಲಿ 750 ಮಿಲಿಲೀಟರ್, ರುಚಿಗೆ ಸುರಿಯುವುದು 30ರಿಂದ 50. ಗ್ಲಾಸಿನ ಕಾಲು ಭಾಗವೂ ತುಂಬುವುದಿಲ್ಲ, ತುಂಬಲೂಬಾರದು. ಉಳಿದ ಜಾಗ ಕಂಪಿಗೆ ಬೇಕು. ರುಚಿ ನೋಡುವ ಗ್ಲಾಸಿಗೆ 1977ರಲ್ಲಿ ಒಂದು ಅಂತರರಾಷ್ಟ್ರೀಯ ಮಾನಕವನ್ನೇ ಗೊತ್ತುಮಾಡಿದ್ದಾರೆ: ಹೊಟ್ಟೆ ಅಗಲ, ಬಾಯಿ ಒಳಕ್ಕೆ ಬಾಗಿದ್ದು, ಒಳಗಿನ ಘಮ ಹೊರಗೆ ಚದುರದ ಹಾಗೆ. ತಿರುಗಿಸುವುದು ತೋರಿಕೆಗೆ ಎಂದು ನಾನು ತಿಳಿದಿದ್ದೆ. ಒಮ್ಮೆ ತಿರುಗಿಸದೆ ಮೂಸಿ, ಆಮೇಲೆ ತಿರುಗಿಸಿ ಮೂಸಿದರೆ ವ್ಯತ್ಯಾಸ ತಾನೇ ಹೇಳುತ್ತದೆ. ಗ್ಲಾಸಿನ ಗೋಡೆಗೆ ಹರಡಿಕೊಂಡ ತೆಳು ಪದರದಿಂದ ಕಂಪು ಬೇಗ ಏಳುತ್ತದೆ. ಬಾಯಲ್ಲಿ ಇಟ್ಟುಕೊಂಡು ಸ್ವಲ್ಪ ಗಾಳಿ ಎಳೆದರೆ ಆ ಘಮ ಗಂಟಲಿನ ಹಿಂದಿನಿಂದ ಮೂಗಿಗೆ ಏರುತ್ತದೆ. ನಾವು ರುಚಿ ಎನ್ನುವುದರಲ್ಲಿ ದೊಡ್ಡ ಪಾಲು ಹೀಗೆ ಹಿಂಬಾಗಿಲಿನಿಂದ ಮೂಗಿಗೆ ಸೇರಿದ್ದೇ. ನೆಗಡಿಯಾದಾಗ ಬಾಯಿ ಕೆಟ್ಟಿದೆ ಎನ್ನುತ್ತೇವಲ್ಲ, ಬಾಯಿ ಸರಿಯಾಗಿಯೇ ಇರುತ್ತದೆ, ಆ ದಾರಿ ಮುಚ್ಚಿರುತ್ತದೆ.

ಆಮೇಲೆ ಉಗುಳುವುದು. ಮೊದಲ ಶುಕ್ರವಾರ ಅದು ನನಗೆ ಆಗಲೇ ಇಲ್ಲ. ಸುರಿದು ಕೊಟ್ಟವರ ಎದುರಿಗೇ ಉಗುಳುವುದು ಅವಮಾನ ಮಾಡಿದಂತೆ ಅನಿಸಿ ಐದನ್ನೂ ನುಂಗಿದೆ. ಐದನೆಯದರ ಬಗ್ಗೆ ನನ್ನ ಪುಸ್ತಕದಲ್ಲಿ ಬರೆದದ್ದು "ಒಳ್ಳೆಯದು" ಎಂಬ ಒಂದೇ ಪದ. ಈಗ ಉಗುಳುತ್ತೇನೆ, ಅದಕ್ಕೆ ಕಾರಣ ಎರಡು. ಮೊದಲನೆಯದು, ಮೂರನೇ ಗ್ಲಾಸಿನ ನಂತರ ಮೂಗು ಸುಳ್ಳು ಹೇಳಲು ಶುರುಮಾಡುತ್ತದೆ. ಎರಡನೆಯದು ಅದಕ್ಕಿಂತ ದೊಡ್ಡದು. ಆಲ್ಕೊಹಾಲನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ, ಸುರಕ್ಷಿತ ಎನ್ನಬಹುದಾದ ಪ್ರಮಾಣ ಯಾವುದೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ವೈನನ್ನು ಪ್ರೀತಿಸುವವನಾಗಿ ಇದನ್ನು ಬಚ್ಚಿಟ್ಟು ಬರೆಯಲು ನನಗೆ ಮನಸ್ಸಿಲ್ಲ. ಕುಡಿಯದವರು ಇದನ್ನು ಓದಿ ಕುಡಿಯಲು ತೊಡಗಲಿ ಎಂಬ ಆಸೆಯೂ ಇಲ್ಲ. ನನಗೆ ಈ ಮೇಜು ಇಷ್ಟವಾಗಿರುವುದೇ ಇಲ್ಲಿ ಕಡಿಮೆ ಕುಡಿದು ಹೆಚ್ಚು ತಿಳಿಯಬಹುದು ಎಂಬುದಕ್ಕೆ.

ಕಂಪಿನ ಮಾತಿಗೆ ಬರುತ್ತೇನೆ. ನನ್ನನ್ನು ಬಹಳ ಕಾಲ ಸುಮ್ಮನಾಗಿಸಿದ್ದು ಇದೇ. ಓದಿದ ಪುಸ್ತಕಗಳಲ್ಲೆಲ್ಲ ಕ್ಯಾಬರ್ನೆ ಸೋವಿನ್ಯೋನ್ ಎಂದರೆ ಬ್ಲ್ಯಾಕ್‌ಕರಂಟ್ ಹಣ್ಣಿನ ಕಂಪು ಎಂದು ಬರೆದಿತ್ತು. ನಾನು ಆ ಹಣ್ಣನ್ನು ತಿಂದವನೇ ಅಲ್ಲ. ತಿನ್ನದ ಹಣ್ಣಿನ ಕಂಪನ್ನು ಗ್ಲಾಸಿನಲ್ಲಿ ಹುಡುಕುತ್ತ ನಿಂತಿದ್ದೆ, ಸಿಗದಿದ್ದಾಗ ನನ್ನ ಮೂಗೇ ಸರಿಯಿಲ್ಲ ಎಂದುಕೊಂಡಿದ್ದೆ. ಅಂಗಡಿಯವರಿಗೆ ಇದನ್ನು ಹೇಳಿದಾಗ ಅವರು ಆನ್ ನೋಬಲ್ ಅವರ ವಿಷಯ ತೆಗೆದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿ ಕೆಲಸ ಮಾಡಿದ ಈ ವಿಜ್ಞಾನಿ 1984ರಲ್ಲಿ ಸಹೋದ್ಯೋಗಿಗಳೊಂದಿಗೆ ಸೇರಿ ವೈನಿನ ಕಂಪುಗಳಿಗೆ ಒಂದು ಪದಾವಳಿ ಪ್ರಕಟಿಸಿದರು. ಅದೇ ಮುಂದೆ ಕಂಪಿನ ಚಕ್ರ ಎಂದು ಹೆಸರಾಯಿತು. ಒಳವೃತ್ತದಲ್ಲಿ ಹಣ್ಣು, ಹೂವು, ಮಣ್ಣು, ಮಸಾಲೆ ಎಂಬ ದೊಡ್ಡ ಗುಂಪುಗಳು. ಹೊರಕ್ಕೆ ಹೋದಷ್ಟೂ ಬಿಡಿಬಿಡಿ ಹೆಸರುಗಳು. "ಸೊಗಸಾದ", "ಗಂಭೀರ" ಎಂಬಂಥ ಪದಗಳಿಗೆ ಅದರಲ್ಲಿ ಜಾಗವಿಲ್ಲ. ಮೂಸಿ ನೋಡಬಹುದಾದ ವಸ್ತುವಿನ ಹೆಸರಾಗಿದ್ದರೆ ಮಾತ್ರ ಒಳಗೆ. ಒಂದು ಸಾಧಾರಣ ವೈನಿಗೆ ಆ ವಸ್ತುವಿನ ಚೂರು ಹಾಕಿಟ್ಟು ಮೂಸಿ ಮೂಗನ್ನು ಪಳಗಿಸುವುದು ಅವರ ವಿಧಾನ.

ಅಂದು ಮನೆಗೆ ಬಂದು ಅಡುಗೆಮನೆಯ ಡಬ್ಬಿಗಳನ್ನು ಒಂದೊಂದಾಗಿ ತೆರೆದು ಮೂಸುತ್ತ ಕೂತೆ. ಲವಂಗ, ಕರಿಮೆಣಸು, ಏಲಕ್ಕಿ, ಒಣದ್ರಾಕ್ಷಿ, ಜೇನು. ಇಷ್ಟು ವರ್ಷ ಅವುಗಳ ಹೆಸರು ಹೇಳಿದ್ದೆ, ಕಣ್ಣು ಮುಚ್ಚಿಕೊಂಡು ಒಂದನ್ನು ಇನ್ನೊಂದರಿಂದ ಬೇರೆ ಮಾಡಿ ನೋಡಿರಲಿಲ್ಲ. ಕನ್ನಡದಲ್ಲಿ ವಾಸನೆಗೆ ಎಷ್ಟು ಪದಗಳಿವೆ ಎಂದು ಹೊಳೆದದ್ದೂ ಆಗಲೇ. ಘಮ ಬೇರೆ, ಕಂಪು ಬೇರೆ, ಘಾಟು ಬೇರೆ. ಹಸಿ ವಾಸನೆ, ಸೀದ ವಾಸನೆ, ಕಮಟು, ಮುಗ್ಗಲು, ಸೊಗಡು. ಈ ಸೊಗಡು ಎಂಬ ಪದವನ್ನು ನಾನು ಹಳೆಯ ಪಿನೊ ನ್ವಾರ್‌ಗೆ ಇಟ್ಟುಕೊಂಡಿದ್ದೇನೆ. ಒದ್ದೆ ಎಲೆ, ಅಣಬೆ, ಮಣ್ಣು ಎಂದು ಮೂರು ಹೆಸರಿಟ್ಟು ಸುತ್ತಿ ಬಳಸಿ ಹೇಳುವುದನ್ನು ಆ ಒಂದು ಪದ ಹೇಳಿಬಿಡುತ್ತದೆ.

ವೈನಿನಲ್ಲಿ ಕರಿಮೆಣಸು ಕಂಡಿತು ಎಂದರೆ ಕಲ್ಪನೆ ಎಂದು ಕೆಲವರು ಅಂದುಕೊಳ್ಳುತ್ತಾರೆ. ಕಲ್ಪನೆಯಲ್ಲ, ವಸ್ತುವೇ ಅಲ್ಲಿದೆ. ಸಿರಾ ದ್ರಾಕ್ಷಿಯ ವೈನಿನಲ್ಲಿ ಮೆಣಸಿನ ಘಮ ಕೊಡುವುದು ರೋಟಂಡೋನ್ ಎಂಬ ಸಂಯುಕ್ತ ಎಂದು ಆಸ್ಟ್ರೇಲಿಯಾದ ವೈನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದರು. ಕರಿಮೆಣಸಿನ ಕಾಳಿನಲ್ಲಿರುವುದೂ ಅದೇ. ಅವರ ಪರೀಕ್ಷೆಯಲ್ಲಿ ಇನ್ನೊಂದು ಸಂಗತಿ ಕಂಡಿತು: ಸುಮಾರು 20% ಜನರಿಗೆ ಪ್ರಮಾಣ ಎಷ್ಟು ಹೆಚ್ಚಿಸಿದರೂ ಆ ವಾಸನೆ ಗೊತ್ತಾಗಲೇ ಇಲ್ಲ. ಇದನ್ನು ಓದಿದ ಮೇಲೆ ನನಗೆ ಎಷ್ಟೋ ಸಮಾಧಾನ ಆಯಿತು. ನನ್ನ ಗೆಳೆಯನೊಬ್ಬ ಇದೇ ಮೇಜಿನಲ್ಲಿ ಸಿರಾ ಮೂಸಿ "ಏನೂ ಇಲ್ಲವಲ್ಲ ಮಾರಾಯ" ಎಂದಿದ್ದ, ನಾನು ಹಟ ಹಿಡಿದು ಇನ್ನೊಮ್ಮೆ ಮೂಸು ಎಂದಿದ್ದೆ. ಅವನು ಹೇಳಿದ್ದು ಅವನ ಮೂಗಿಗೆ ನಿಜ, ನಾನು ಹೇಳಿದ್ದು ನನ್ನ ಮೂಗಿಗೆ ನಿಜ. ಅಂದಿನ ಹಟಕ್ಕೆ ಆಮೇಲೆ ಅವನಲ್ಲಿ ಕ್ಷಮೆ ಕೇಳಿದೆ.

ಹಾಗೆಯೇ ದೊಣ್ಣೆಮೆಣಸಿನ ಹಸಿ ವಾಸನೆ. ಕ್ಯಾಬರ್ನೆ ಸೋವಿನ್ಯೋನ್, ಸೋವಿನ್ಯೋನ್ ಬ್ಲಾಂ ಎರಡರಲ್ಲೂ ಪೈರಜೀನ್ ಎಂಬ ವಸ್ತುಗಳಿಂದ ಅದು ಬರುತ್ತದೆ, ಹಣ್ಣು ಮಾಗುತ್ತ ಬಂದಂತೆ ಇಳಿಯುತ್ತದೆ. ಎರಡರಲ್ಲೂ ಒಂದೇ ವಾಸನೆ ಯಾಕೆ ಎಂಬುದಕ್ಕೂ ಒಂದು ಚಂದದ ಉತ್ತರವಿದೆ. ಕ್ಯಾಬರ್ನೆ ಸೋವಿನ್ಯೋನ್ ತಳಿಯ ತಂದೆತಾಯಿ ಕ್ಯಾಬರ್ನೆ ಫ್ರಾಂಕ್ ಮತ್ತು ಸೋವಿನ್ಯೋನ್ ಬ್ಲಾಂ ಎಂದು 1997ರಲ್ಲಿ ಡೇವಿಸ್‌ನ ಸಂಶೋಧಕರು ಡಿಎನ್ಎ ಪರೀಕ್ಷೆಯಿಂದ ತೋರಿಸಿದರು. ಹೊಲದಲ್ಲಿ ಎಂದೋ ತಾನಾಗಿ ಆದ ಕೂಡಿಕೆ. ಆ ಮನೆತನದ ಗುರುತು ಮೂಗಿಗೆ ಈಗಲೂ ಸಿಗುತ್ತದೆ ಎಂದು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಮೂಗಿಗೆ ದೊಡ್ಡ ಶತ್ರು ಕಣ್ಣು. ಫ್ರಾನ್ಸಿನ ಮೂವರು ಸಂಶೋಧಕರು 2001ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದರ ಕಂಪನ್ನು ಕೆಂಪು ವೈನಿಗೆ ಬಳಸುವ ಪದಗಳಲ್ಲೇ ವರ್ಣಿಸಿದರು. ಈ ಪ್ರಯೋಗವನ್ನು ಹಿಡಿದು "ನೋಡಿ, ವೈನ್ ಬಲ್ಲವರಿಗೆ ಏನೂ ಗೊತ್ತಿಲ್ಲ" ಎಂದು ಹಂಗಿಸುವವರಿದ್ದಾರೆ. ನನಗೆ ಅದು ಅನ್ಯಾಯ ಎನಿಸುತ್ತದೆ. ಕಣ್ಣು ಮೊದಲು ಹೇಳಿಬಿಟ್ಟದ್ದನ್ನು ಮೂಗು ಅನುಮೋದಿಸುತ್ತದೆ, ಅದು ಮನುಷ್ಯರೆಲ್ಲರ ಸ್ವಭಾವ. ಹಾಗಿದ್ದ ಮೇಲೆ ಹೆಸರು, ಊರು, ಬೆಲೆ ಕಣ್ಣಿಗೆ ಬಿದ್ದರೆ ಇನ್ನೇನಾಗಬೇಡ? ಅದಕ್ಕೇ ನಮ್ಮ ಅಂಗಡಿಯವರು ಒಂದೊಂದು ಶುಕ್ರವಾರ ಬಾಟಲಿಗಳಿಗೆ ಕಾಗದದ ಚೀಲ ತೊಡಿಸಿ ಇಡುತ್ತಾರೆ.

ಚೀಲ ತೊಡಿಸಿದ ಬಾಟಲಿಗಳ ಅತ್ಯಂತ ದೊಡ್ಡ ಕಥೆ ಶುರುವಾದದ್ದೂ ಒಂದು ವೈನ್ ಅಂಗಡಿಯಿಂದಲೇ ಎಂಬುದು ನನಗೆ ಬಹಳ ಪ್ರಿಯವಾದ ವಿಷಯ. ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷಿನವರು ಪ್ಯಾರಿಸಿನಲ್ಲಿ ವೈನ್ ಅಂಗಡಿ ಇಟ್ಟಿದ್ದರು, ಪಕ್ಕದಲ್ಲೇ ವೈನ್ ಕಲಿಸುವ ಒಂದು ಶಾಲೆಯನ್ನೂ ನಡೆಸುತ್ತಿದ್ದರು. 1976ರ ಮೇ 24ರಂದು ಅವರು ಕ್ಯಾಲಿಫೋರ್ನಿಯಾದ ವೈನ್‌ಗಳನ್ನೂ ಫ್ರಾನ್ಸಿನ ಹೆಸರಾಂತ ವೈನ್‌ಗಳನ್ನೂ ಹೆಸರು ಮುಚ್ಚಿ ಒಟ್ಟಿಗೆ ಇಟ್ಟರು. ಲೆಕ್ಕಕ್ಕೆ ಹಿಡಿದ ಅಂಕಗಳು ಒಂಬತ್ತು ಮಂದಿ ಫ್ರೆಂಚ್ ತೀರ್ಪುಗಾರರವು. ಬಿಳಿಯಲ್ಲಿ ಶಾಟೊ ಮಾಂಟೆಲೀನಾದ 1973ರ ಶಾರ್ಡೊನೆ, ಕೆಂಪಿನಲ್ಲಿ ಸ್ಟ್ಯಾಗ್ಸ್ ಲೀಪ್ ವೈನ್ ಸೆಲ್ಲರ್ಸ್‌ನ 1973ರ ಕ್ಯಾಬರ್ನೆ ಸೋವಿನ್ಯೋನ್, ಎರಡೂ ಕ್ಯಾಲಿಫೋರ್ನಿಯಾದವು, ಮೊದಲ ಸ್ಥಾನಕ್ಕೆ ಬಂದವು. ಸೋತವುಗಳಲ್ಲಿ 1970ರ ಮೂಟೋನ್ ರೋಥ್‌ಶೀಲ್ಡ್ ಇತ್ತು. ಫ್ರಾನ್ಸಿನ ಬೋರ್ಡೋ ಪ್ರದೇಶದ ವೈನ್‌ಗಳ 1855ರ ಶ್ರೇಣಿಪಟ್ಟಿಯಲ್ಲಿ ಎರಡನೆಯ ದರ್ಜೆಯಲ್ಲಿದ್ದ ಅದನ್ನು ಮೂರು ವರ್ಷದ ಹಿಂದೆಯಷ್ಟೇ ಮೊದಲ ದರ್ಜೆಗೆ ಏರಿಸಿದ್ದರು. ಆ ಮಧ್ಯಾಹ್ನ ಅಲ್ಲಿದ್ದ ಪತ್ರಕರ್ತ ಒಬ್ಬರೇ, ಟೈಮ್ ಪತ್ರಿಕೆಯ ಜಾರ್ಜ್ ಟೇಬರ್. ಯಾರು ಗೆದ್ದರು ಎಂಬುದಕ್ಕಿಂತ ನನ್ನನ್ನು ಹಿಡಿದಿಡುವುದು ಬೇರೊಂದು ವಿಷಯ: ತಾನು ಮಾರುವ ಸರಕಿನ ಹೆಸರುಗಳನ್ನು ತಾನೇ ಮುಚ್ಚಿಟ್ಟು, ಬರೀ ರುಚಿ ನೋಡಿ ಹೇಳಿ ಎಂದು ಕೇಳುವ ಧೈರ್ಯ ಒಬ್ಬ ಅಂಗಡಿಯವರಿಗೆ ಇತ್ತು.

ಗೋಡೆಯ ಮುಂದೆ ನಿಂತು ಆರಿಸುವ ಪ್ರಶ್ನೆ ಉಳಿಯಿತು. ಯುರೋಪಿನ ಹಳೆಯ ಲೇಬಲ್‌ಗಳು ಊರಿನ ಹೆಸರು ಹೇಳುತ್ತವೆ, ದ್ರಾಕ್ಷಿಯ ಹೆಸರು ಹೇಳುವುದಿಲ್ಲ. ಶಾಬ್ಲಿ ಎಂದರೆ ಶಾರ್ಡೊನೆ, ಬಿಳಿ ಸಾನ್ಸೆರ್ ಎಂದರೆ ಸೋವಿನ್ಯೋನ್ ಬ್ಲಾಂ, ಬರೋಲೊ ಎಂದರೆ ನೆಬ್ಬಿಯೋಲೊ. ಇದು ಗೊತ್ತಿಲ್ಲದೆ ನಾನು ಒಮ್ಮೆ "ಶಾರ್ಡೊನೆ ನನಗೆ ಆಗುವುದಿಲ್ಲ, ಶಾಬ್ಲಿ ಕೊಡಿ" ಎಂದು ಕೇಳಿದ್ದೆ. ಅಂಗಡಿಯವರು ನಗಲಿಲ್ಲ. "ಶಾರ್ಡೊನೆಯಲ್ಲಿ ಏನು ಆಗಲ್ಲ?" ಎಂದು ಕೇಳಿದರು. ಬೆಣ್ಣೆ ಬೆಣ್ಣೆ ವಾಸನೆ, ಬಾಯಿಗೆ ಜಿಡ್ಡು ಜಿಡ್ಡು ಎಂದೆ. ಕೆಲವು ವೈನ್‌ಗಳಲ್ಲಿ ಹುಳಿಸೇಬಿನಲ್ಲಿರುವಂಥ ಚೂಪು ಮ್ಯಾಲಿಕ್ ಆಮ್ಲವನ್ನು ಬ್ಯಾಕ್ಟೀರಿಯಾಗಳು ಮೆತ್ತನೆಯ ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸುತ್ತವೆ. ಮೊಸರಿನಲ್ಲಿರುವುದೂ ಈ ಲ್ಯಾಕ್ಟಿಕ್ ಆಮ್ಲವೇ. ಆ ಕೆಲಸದಲ್ಲಿ ಹುಟ್ಟುವ ಡೈಅಸಿಟೈಲ್ ಎಂಬುದು ಬೆಣ್ಣೆಯ ವಾಸನೆ ಕೊಡುತ್ತದೆ. ಅದರ ಮೇಲೆ ಹೊಸ ಓಕ್ ಪೀಪಾಯಿಯ ವೆನಿಲ್ಲಾ ಬೇರೆ. ನನಗೆ ಬೇಡವಾಗಿದ್ದದ್ದು ದ್ರಾಕ್ಷಿಯಲ್ಲ, ಆಮೇಲೆ ಅದಕ್ಕೆ ಮಾಡಿದ ಉಪಚಾರ. ಅವರು ಅಂದು ಕೊಟ್ಟ ಶಾಬ್ಲಿ ಓಕ್ ಕಾಣದ, ತೆಳ್ಳಗೆ ಚುರುಕಾದ ವೈನು. ನನ್ನ ತಪ್ಪು ಮಾತಿನೊಳಗೂ ಒಂದು ಸರಿಯಾದ ಬೇಡಿಕೆ ಇತ್ತು, ಅವರು ಅದನ್ನು ಕೇಳಿಸಿಕೊಂಡರು.

ಅಮೆರಿಕ, ಆಸ್ಟ್ರೇಲಿಯಾದಂಥ ಹೊಸ ಜಗತ್ತಿನ ಲೇಬಲ್‌ಗಳಲ್ಲಿ ದ್ರಾಕ್ಷಿಯ ಹೆಸರೇ ದೊಡ್ಡದಾಗಿರುತ್ತದೆ. ಆದರೂ ಒಂದೇ ತಳಿ ಎಂದು ನಂಬಬೇಕಿಲ್ಲ. ಹೆಸರು ಹಾಕಲು ಯುರೋಪ್ ಒಕ್ಕೂಟದಲ್ಲಿ ಆ ತಳಿ 85% ಇದ್ದರೆ ಸಾಕು, ಅಮೆರಿಕದಲ್ಲಿ ಸಾಮಾನ್ಯವಾಗಿ 75%.

ತುಂಬಾ ಜನರನ್ನು ದಾರಿ ತಪ್ಪಿಸುವ ಪದ "ಡ್ರೈ". ಇದನ್ನು ಒಣ ಎಂದು ತಿಳಿದರೆ ಕೆಟ್ಟೆವು. ಡ್ರೈ ಎಂದರೆ ಹುದುಗಿದ ಮೇಲೆ ಸಕ್ಕರೆ ಉಳಿದಿಲ್ಲ, ಉಳಿದಿದ್ದರೂ ನಾಲಿಗೆಗೆ ತಿಳಿಯದಷ್ಟು ಕಡಿಮೆ ಎಂದಷ್ಟೇ. ಬಾಯಿ ಒಣಗಿಸುವುದು ಒಗರಿನ ಕೆಲಸ, ಅದಕ್ಕೂ ಸಕ್ಕರೆಗೂ ಸಂಬಂಧವಿಲ್ಲ. ಇನ್ನೊಂದು ಗೊಂದಲ ಇದಕ್ಕಿಂತ ಸೂಕ್ಷ್ಮ. ಹಣ್ಣಿನ ಕಂಪು ಮೂಗಿಗೆ ಬಡಿದ ಕೂಡಲೇ ನಾವು "ಸಿಹಿ" ಎನ್ನುತ್ತೇವೆ. ಗೆವುರ್ಜ್‌ಟ್ರಾಮಿನರ್ ಎಂಬ ಬಿಳಿ ವೈನ್ ಲೀಚಿಯ ಹಾಗೆ, ಗುಲಾಬಿಯ ಹಾಗೆ ಘಮಘಮಿಸುತ್ತದೆ, ಮೂಸಿದವರು ಪಾನಕ ಎಂದುಕೊಳ್ಳುತ್ತಾರೆ, ಕುಡಿದರೆ ಎಷ್ಟೋ ಸಲ ಸಕ್ಕರೆಯೇ ಇರುವುದಿಲ್ಲ. ಮೂಗು ಮುಚ್ಚಿಕೊಂಡು ಗುಟುಕರಿಸಿ ನೋಡಿದರೆ ಸಿಹಿ ನಿಜವೋ ಕಂಪಿನ ನೆರಳೋ ಗೊತ್ತಾಗುತ್ತದೆ. ಶಾಂಪೇನ್‌ನಲ್ಲಂತೂ ಪದಗಳು ತಲೆಕೆಳಗು. "ಬ್ರೂಟ್" ಎಂದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ. "ಎಕ್ಸ್‌ಟ್ರಾ ಡ್ರೈ" ಎಂದರೆ 12ರಿಂದ 17 ಗ್ರಾಂ, ಅಂದರೆ ಬ್ರೂಟ್‌ಗಿಂತ ಸಿಹಿ. ಸಿಹಿ ಬೇಡವೆಂದು ಎಕ್ಸ್‌ಟ್ರಾ ಡ್ರೈ ಒಯ್ದು ಬೇಸರಪಟ್ಟವರು ಪದವನ್ನು ನಂಬಿದ್ದರು, ತಪ್ಪು ಅವರದಲ್ಲ.

ಕಪಾಟಿಗೆ ಅಂಟಿಸುವ ಅಂಕದ ಚೀಟಿಗಳನ್ನು ನಾನು ಈಗ ಓದುವುದಿಲ್ಲ. ನೂರಕ್ಕೆ ಇಷ್ಟು ಎಂದು ವೈನಿಗೆ ಅಂಕ ಕೊಡುವುದನ್ನು ಅಮೆರಿಕದ ವೈನ್ ವಿಮರ್ಶಕ ರಾಬರ್ಟ್ ಪಾರ್ಕರ್ ಜನಪ್ರಿಯಗೊಳಿಸಿದರು. ಅವರ ಶ್ರಮದ ಬಗ್ಗೆ ಗೌರವವಿದೆ. ಆದರೆ ಕ್ಯಾಲಿಫೋರ್ನಿಯಾದ ರಾಜ್ಯ ಮೇಳದ ಸ್ಪರ್ಧೆಯ ತೀರ್ಪುಗಾರರ ಮೇಲೆ ರಾಬರ್ಟ್ ಹಾಡ್ಜ್‌ಸನ್ ಮಾಡಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಒಂದೇ ಬಾಟಲಿಯ ವೈನನ್ನು ಗೊತ್ತಾಗದಂತೆ ಮೂರು ಸಲ ಕೊಟ್ಟಾಗ ಮೂರಕ್ಕೂ ಹೆಚ್ಚುಕಡಿಮೆ ಒಂದೇ ಮಟ್ಟದ ಅಂಕ ಕೊಟ್ಟವರು ಸುಮಾರು 10% ಮಾತ್ರ. ಅನುಭವಿಗಳ ಬಾಯಿಯೇ ಗಳಿಗೆಗೊಂದು ಮಾತು ಹೇಳುವಾಗ 91ಕ್ಕೂ 93ಕ್ಕೂ ನಡುವೆ ನಾನೇನು ಆರಿಸಲಿ? ಆ ಚೀಟಿ ನನ್ನ ಒಗರಿನ ಇಷ್ಟವನ್ನು ಬಲ್ಲದೇ? ಅಂಗಡಿಯವರು ಬಲ್ಲರು. ನಾನು ಹೇಳಿದ್ದೇನೆ.

ಹತ್ತಿರದ ಅಂಗಡಿಯ ಬೆಲೆ ನನಗೆ ಪೂರ್ತಿ ತಿಳಿದದ್ದು ಒಂದು ಕೆಟ್ಟ ಬಾಟಲಿಯಿಂದ. ತೆರೆದು ಸುರಿದಾಗ ಹಣ್ಣಿನ ಸುಳಿವೇ ಇಲ್ಲ. ಮಳೆಗಾಲದಲ್ಲಿ ಒಣಗದೆ ಉಳಿದ ಬಟ್ಟೆಯ, ಒದ್ದೆ ರಟ್ಟಿನ ಮುಗ್ಗಲು ವಾಸನೆ. ಮೊದಲಿನ ನಾನಾಗಿದ್ದರೆ ಇದು ಹೀಗೆಯೇ ಇರಬೇಕು, ನನಗೇ ತಿಳಿಯದು ಎಂದು ಕುಡಿದು ಮುಗಿಸುತ್ತಿದ್ದೆ. ಅಂದು ಬಿರಡೆ ಹಾಕಿ ಮರುದಿನ ಹಿಂದಕ್ಕೆ ಒಯ್ದೆ. "ಮುಗ್ಗಲು ಬರ್ತಿದೆ" ಎಂದೆ. ಅವರು ಗ್ಲಾಸಿಗೆ ಒಂದು ಹನಿ ಹಾಕಿ ಮೂಸಿದರು, ಮರುಮಾತಿಲ್ಲದೆ ಬೇರೆ ಬಾಟಲಿ ಕೊಟ್ಟರು. ಆಮೇಲೆ ಕಾರಣ ಹೇಳಿದರು. ಬೆಂಡಿನ ಬಿರಡೆಯಲ್ಲಿ ಬೂಷ್ಟು ಮತ್ತು ಕ್ಲೋರಿನ್ ಸೇರಿದ ವಸ್ತುಗಳಿಂದ ಟಿಸಿಎ ಎಂಬ ಸಂಯುಕ್ತ ಹುಟ್ಟುತ್ತದೆ. ಒಂದು ಲೀಟರಿನಲ್ಲಿ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ತಿಳಿಯುತ್ತದೆ. ಅದಕ್ಕಿಂತ ಕಡಿಮೆ ಇದ್ದಾಗ ಮುಗ್ಗಲು ತಿಳಿಯದೆ ಹಣ್ಣಿನ ಕಂಪು ಮಾತ್ರ ಮಂಕಾಗಿರುತ್ತದೆ. ಈ ಕಾಟ ತಾಳಲಾರದೆ ಆಸ್ಟ್ರೇಲಿಯಾದ ಕ್ಲೇರ್ ಕಣಿವೆಯಲ್ಲಿ ರೀಸ್ಲಿಂಗ್ ಎಂಬ ಬಿಳಿ ವೈನ್ ತಯಾರಿಸುವವರ ಒಂದು ಗುಂಪು 2000ದ ಬೆಳೆಯಿಂದ ತಿರುಗಿಸಿ ತೆಗೆಯುವ ಮುಚ್ಚಳಕ್ಕೆ ಬದಲಾಯಿಸಿಕೊಂಡಿತು. ತಿರುಪು ಮುಚ್ಚಳ ಕಂಡರೆ ಕೀಳು ವೈನು ಎಂದು ಬದಿಗೆ ಸರಿಸಬೇಡಿ, ದಯವಿಟ್ಟು. ನಾನು ಸರಿಸಿದ್ದೇನೆ, ಎಷ್ಟೋ ಒಳ್ಳೆಯ ವೈನ್‌ಗಳು ಹಾಗೆ ನನ್ನ ಕೈತಪ್ಪಿದವು.

ಅಂಗಡಿಯ ಬಗ್ಗೆ ಯಾರಾದರೂ ಕೇಳಿದರೆ ನಾನು ಎರಡೇ ವಿಷಯ ನೋಡಿ ಎನ್ನುತ್ತೇನೆ. ಬಾಟಲಿಗಳಿಗೆ ಬಿಸಿಲು ಬೀಳುತ್ತದೆಯೇ? ತಿಳಿಗಾಜಿನ ಬಾಟಲಿಯೊಳಗಿನ ವೈನು ಬೆಳಕಿಗೆ ಬೇಗ ಕೆಡುತ್ತದೆ, ಸೆಕೆಗೆ ಯಾವ ಬಾಟಲಿಯೂ ಕೆಡುತ್ತದೆ. ಎರಡನೆಯದು, ನೀವು ಇಷ್ಟವಾಗಲಿಲ್ಲ ಎಂದಾಗ ಅಂಗಡಿಯವರು ಏನು ಮಾಡುತ್ತಾರೆ? ಮುಖ ಸಿಂಡರಿಸುತ್ತಾರೋ, ಇನ್ನೊಂದು ಪ್ರಶ್ನೆ ಕೇಳುತ್ತಾರೋ? ನಾನು ಇಷ್ಟಪಟ್ಟ ಬಾಟಲಿಗಳಿಗಿಂತ ಇಷ್ಟಪಡದ ಬಾಟಲಿಗಳ ವಿವರದಿಂದಲೇ ಇವರು ನನ್ನ ಬಾಯಿಯನ್ನು ಅರಿತರು. ಈಗ ನನ್ನ ಸಣ್ಣ ಪುಸ್ತಕ ಅವರ ಮೇಜಿನ ಮೇಲೇ ಇರುತ್ತದೆ. ದಿನಾಂಕ, ಬಾಟಲಿಯ ಹೆಸರು, ಮುಂದೆ ಎರಡು ಮೂರು ಪದ. "ಹುಳಿ, ಚುರುಕು, ಒದ್ದೆ ಕಲ್ಲು." "ಒಗರು ಜಾಸ್ತಿ, ಲವಂಗ, ಬೇಡ." "ಸೀಮೆಎಣ್ಣೆ!" ಈ ಕೊನೆಯದು ವರ್ಷಗಟ್ಟಲೆ ಇಟ್ಟಿದ್ದ ಒಂದು ರೀಸ್ಲಿಂಗ್. ವಯಸ್ಸಾದ ರೀಸ್ಲಿಂಗ್‌ನಲ್ಲಿ ಟಿಡಿಎನ್ ಎಂಬ ವಸ್ತು ಹೆಚ್ಚಿ ಆ ವಾಸನೆ ಬರುತ್ತದೆಂದು ಅಂದು ನನಗೆ ಗೊತ್ತಿರಲಿಲ್ಲ. ಲಾಂದ್ರಕ್ಕೆ ಎಣ್ಣೆ ತುಂಬುತ್ತಿದ್ದ ಅಜ್ಜಿಯ ಕೈ ಒಂದು ಕ್ಷಣ ಕಣ್ಣ ಮುಂದೆ ಬಂದು ಹೋಯಿತು. ಆ ವಾಸನೆಗೆ ಪಕ್ಕದಲ್ಲೇ ನಿಂಬೆ ಸಿಪ್ಪೆಯ ಕಂಪೂ ಜೇನೂ ಇದ್ದವು. ಎರಡು ಸಲ ಮೂಸಿ ಸುಮ್ಮನೆ ನಿಂತಿದ್ದೆ, ಅಂಗಡಿಯವರು ಏನೂ ಕೇಳಲಿಲ್ಲ.

ಹೋದ ಶುಕ್ರವಾರ ಒಂದು ನೆಬ್ಬಿಯೋಲೊ ತೆರೆದಿದ್ದರು. ಗುಲಾಬಿ, ಡಾಂಬರು ಎಂದು ಎಲ್ಲರೂ ಹೇಳುವುದು ಅದರಲ್ಲೂ ಇತ್ತು. ಹೊಸದಾಗಿ ಡಾಂಬರು ಹಾಕಿದ ರಸ್ತೆಯ ಮೇಲೆ ಬಿಸಿಲು ಬಿದ್ದಾಗಿನ ವಾಸನೆ, ಅನುಮಾನವೇ ಇಲ್ಲ. ಆದರೆ ಅವೆರಡರ ಹಿಂದೆ ಇನ್ನೊಂದು ಇತ್ತು. ಒಣಗಿದ್ದು, ತುಸು ಸಿಹಿ, ಹಳೆಯದು. ಮರದ ಪೆಟ್ಟಿಗೆಯೇ? ಬಾಡಿದ ಯಾವುದೋ ಹೂವೇ? ಗ್ಲಾಸನ್ನು ಅವರಿಗೆ ಕೊಟ್ಟೆ. ಅವರು ಬಹಳ ಹೊತ್ತು ಮೂಸಿದರು.

"ಇದೆ," ಎಂದರು. "ನನಗೂ ಹೆಸರು ಬರ್ತಿಲ್ಲ."

"ಬರೆಯದೆ ಬಿಡಲಾ?"

"ಜಾಗ ಬಿಡಿ. ಬಾಟಲಿಯಲ್ಲಿ ಇನ್ನೂ ಕಾಲು ಭಾಗ ಇದೆ. ನಾಳೆ ಸಂಜೆ ಈ ಕಡೆ ಬಂದ್ರೆ ಇನ್ನೊಮ್ಮೆ ನೋಡೋಣ. ಗಾಳಿ ತಾಗಿದ ಮೇಲೆ ಬೇರೆ ಏನಾದ್ರೂ ಹೇಳಬಹುದು."

ಪುಸ್ತಕದಲ್ಲಿ ಗುಲಾಬಿ ಎಂದು ಬರೆದೆ, ಡಾಂಬರು ಎಂದು ಬರೆದೆ, ಒಗರು ಎಂದು ಬರೆದು ಅದರ ಕೆಳಗೆ ಗೆರೆ ಎಳೆದೆ. ಆಮೇಲೆ ಒಂದು ಪದದಷ್ಟು ಜಾಗ ಬಿಟ್ಟೆ. ಶನಿವಾರ ಸಂಜೆ ಹೋದೆ, ಇಬ್ಬರೂ ಮೂಸಿದೆವು. ಗುಲಾಬಿ ಹಿಂದೆ ಸರಿದಿತ್ತು, ಆ ವಾಸನೆ ಇನ್ನಷ್ಟು ಮುಂದೆ ಬಂದಿತ್ತು. ಪದ ಇನ್ನೂ ಸಿಕ್ಕಿಲ್ಲ.